ಹದಿನಾರುನೂರರ ಗೆರೆ

ತಪ್ಪು ನನ್ನದೇ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಅಷ್ಟರಲ್ಲಿ ನೀವು ಕ್ಯಾಮೆರಾದ ಮೇಲೋ, ಮದುವೆ ಹಾಲ್‌ನ ಬಲ್ಬುಗಳ ಮೇಲೋ, ಪಾಪ ನನ್ನ ಬಾಸ್ ಮೇಲೋ ಅನುಮಾನ ಪಟ್ಟಿರುತ್ತೀರಿ. ಸ್ಟುಡಿಯೋದ ಮೂರು ಕ್ಯಾಮೆರಾಗಳಲ್ಲೂ ಐಎಸ್ಒ 1600 ದಾಟದಂತೆ ಬೀಗ ಹಾಕಿದವನು ನಾನು. ಹಾಕಿದ್ದನ್ನು ಮರೆತವನೂ ನಾನು. ಮರೆತು, ಒಬ್ಬ ತಾಯಿ ಕೇಳಿದ ಒಂದೇ ಒಂದು ಫೋಟೋವನ್ನು ಕೆಡಿಸಿದವನೂ ನಾನೇ. ಕೆಡಿಸಿದ್ದನ್ನು ಮುಚ್ಚಿಡಲು ಮಾಡಿದ ಘನಕಾರ್ಯ ಬೇರೆ ಇದೆ, ಅದು ಮುಂದೆ ಬರುತ್ತದೆ.

ಮೂರು ವರ್ಷದ ಹಿಂದಿನ ಮಾತು. ನನಗೆ ಆಗ ಇಪ್ಪತ್ತನಾಲ್ಕು. ವಡಾಲ ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಸ್ಟುಡಿಯೋ ಒಂದರಲ್ಲಿ ಫೋಟೋಗ್ರಾಫರ್ ಆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಮನೆ ಬೈಕುಲ್ಲಾದಲ್ಲಿ. ವಿಜಯಪುರದಿಂದ ಬಂದ ಅಬ್ಬಾ ಅಲ್ಲಿನ ವರ್ಕ್‌ಶಾಪ್ ಒಂದರಲ್ಲಿ ಲೇಥ್ ಮಷೀನ್ ನಡೆಸುತ್ತಾರೆ. ನಾನು ಒಂದು ಕಡೆ ಕೂರುವವನಲ್ಲ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಬಾಗಿಲಲ್ಲೇ ನಿಲ್ಲುತ್ತೇನೆ. ಬಾಯಿಯೂ ಹಾಗೆಯೇ. ಸ್ಟೇಷನ್ ಅನೌನ್ಸ್‌ಮೆಂಟಿನ ಹೆಂಗಸು, ನಮ್ಮ ಕಾಜಿ ಸಾಹೇಬರು, ಬಾಸ್, ಯಾರ ದನಿ ಕಿವಿಗೆ ಬಿದ್ದರೂ ಎರಡು ನಿಮಿಷದಲ್ಲಿ ಅದು ನನ್ನ ಗಂಟಲಿಂದ ಹೊರಬರುತ್ತದೆ. ಹೆದರಿದಾಗ ನಾನು ಮಾತಾಡುವ ದನಿಯನ್ನೂ ನಾನೇ ಅನುಕರಿಸುತ್ತೇನೆ. ಅಮ್ಮಿಯ ಪ್ರಕಾರ ಅದೊಂದೇ ಹುಬೇಹೂಬ್, ಅಂದರೆ ತದ್ರೂಪು.

ಬಾಸ್ ಎಂದರೆ ರಾಘು ಸರ್. ಮೈಸೂರಿನವರು, ರೀಲ್ ಕಾಲದಿಂದ ಫೋಟೋ ತೆಗೆದವರು. ಸಹೋದ್ಯೋಗಿ ಸ್ವಾತಿ, ಮರಾಠಿ ಹುಡುಗಿ. ಮಾತು ಕಡಿಮೆ, ಕೆಲಸ ಹೆಚ್ಚು. ಎಲ್ಲದರಲ್ಲೂ ನನಗೆ ತದ್ವಿರುದ್ಧ.

ಈಗ ಆ ಐಎಸ್ಒ ಎಂದರೇನು ಎಂದು ಹೇಳಬೇಕು. ಮೈಕ್ ಹಿಡಿದು ಮಿಮಿಕ್ರಿ ಮಾಡುವ ನನಗೆ ತಿಳಿದದ್ದು ಹೀಗೆ: ದನಿ ಸಣ್ಣದಿದ್ದರೆ ಆಂಪ್ಲಿಫೈಯರಿನ ಗುಂಡಿ ತಿರುಗಿಸುತ್ತೇವೆ. ದನಿ ಏರುತ್ತದೆ, ಜೊತೆಗೆ ಹಿಂದಿನ ಗುಂಯ್ ಸದ್ದೂ ಏರುತ್ತದೆ. ಕ್ಯಾಮೆರಾದಲ್ಲಿ ಬೆಳಕಿಗೆ ಅಂಥ ಗುಂಡಿಯೇ ಐಎಸ್ಒ. ಬೆಳಕು ಕಡಿಮೆಯಿದ್ದಷ್ಟೂ ಅದನ್ನು ಏರಿಸಬೇಕು; ಏರಿಸಿದಷ್ಟೂ ಚಿತ್ರದ ಮೇಲೆ ಸಣ್ಣ ಸಣ್ಣ ಕಾಳು ಉದುರಿದಂತಾಗುತ್ತದೆ. ಇದನ್ನು ನಾಯ್ಸ್ ಎನ್ನುತ್ತಾರೆ. ನಾನು ರವೆ ಎನ್ನುತ್ತಿದ್ದೆ. ಏರಿಸದಿದ್ದರೋ, ಬೆಳಕು ಒಳಬಿಡುವ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಆ ಹೊತ್ತಿನಲ್ಲಿ ಮನುಷ್ಯ ಅಲುಗಿದರೆ ಮುಖ ಕಲಸಿಹೋಗುತ್ತದೆ. ರವೆಯೂ ಬೇಡ, ಕಲಸುವುದೂ ಬೇಡ ಎಂದರೆ ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಎಲ್ಲಿಯವರೆಗೆ ಏರಿಸಬಹುದು ಎಂಬುದನ್ನು ಪ್ರತಿಯೊಬ್ಬ ಫೋಟೋಗ್ರಾಫರನೂ ತನ್ನ ಕ್ಯಾಮೆರಾಕ್ಕೆ ತಾನೇ ಗೊತ್ತುಮಾಡಿಕೊಳ್ಳಬೇಕು.

ನಾನು ಗೊತ್ತುಮಾಡಿಕೊಂಡ ರೀತಿ ಕೇಳಿ. ಒಂದು ಮಧ್ಯಾಹ್ನ ರಾಘು ಸರ್ ಅವರ ಟಿಫಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟು 100, 200, 400 ಎಂದು 25600ರವರೆಗೆ ಒಂದೊಂದು ಫೋಟೋ ತೆಗೆದೆ. ಕಂಪ್ಯೂಟರಿಗೆ ಹಾಕಿ, ಎರಡುನೂರು ಪರ್ಸೆಂಟ್ ಹಿಗ್ಗಿಸಿ, ಪರದೆಗೆ ಮೂಗು ತಾಗಿಸಿ ನೋಡಿದೆ. 1600ರವರೆಗೆ ಡಬ್ಬಿ ಫಳಫಳ. 3200ರಲ್ಲಿ ಮುಚ್ಚಳದ ನೆರಳಿನಲ್ಲಿ ನಾಲ್ಕು ಕಾಳು ಕಂಡವು. ತೀರ್ಪು ಕೊಟ್ಟುಬಿಟ್ಟೆ. ಮೂರೂ ಕ್ಯಾಮೆರಾಗಳ ಆಟೋ ಐಎಸ್ಒ ಮಿತಿಯನ್ನು 1600ಕ್ಕೆ ಕಟ್ಟಿ, ಮೇಲೆ ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ‘ಲಕ್ಷ್ಮಣರೇಖೆ’ ಎಂದು ಬರೆದೆ. ಸ್ವಾತಿ ಆಟೋ ಬಿಟ್ಟು ಕೈಯಿಂದಲೇ ಏರಿಸಿ 6400ರಲ್ಲಿ ತೆಗೆದ ಫೋಟೋ ಬಂದಾಗಲೆಲ್ಲ, "ಬನ್ನಿ ಬನ್ನಿ, ಬಿಸಿ ಬಿಸಿ ಉಪ್ಪಿಟ್ಟು!" ಎಂದು ಹೋಟೆಲ್ ಮಾಣಿಯ ದನಿಯಲ್ಲಿ ಕೂಗುತ್ತಿದ್ದೆ.

"ತೂ ಗಪ್ ಬಸ್," ಎನ್ನುತ್ತಿದ್ದಳು ಸ್ವಾತಿ. ಬಾಯಿ ಮುಚ್ಚಿ ಕೂರು ಎಂದು. ಎರಡೂ ನನಗೆ ಬಾರದ ವಿದ್ಯೆ.

ರಾಘು ಸರ್ ಮಾತ್ರ ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ್ದರು: "ರವೆ ಎಣಿಸ್ತಾ ಕೂತ್ರೆ ಉಪ್ಪಿಟ್ಟು ಆರಿಹೋಗುತ್ತೆ ಕಣೋ."

ಅದನ್ನೂ ಅವರದೇ ದನಿಯಲ್ಲಿ ಅಂದು ತೋರಿಸಿದೆನೇ ಹೊರತು ಅರ್ಥಮಾಡಿಕೊಳ್ಳಲಿಲ್ಲ.

ಆ ವರ್ಷ ನವೆಂಬರಿನಲ್ಲಿ ನನ್ನ ಖಾಲಾನ ಮಗಳು ಆಫ್ರೀನ್ ಮದುವೆ. ಮುಮ್ತಾಜ್ ಖಾಲಾ, ಅಮ್ಮಿಯ ಅಕ್ಕ, ಭಾಂಡುಪ್‌ನಲ್ಲಿ ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿರುತ್ತಾಳೆ. ಮದುವೆಗೆ ಎರಡು ವಾರವಿದ್ದಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹಾಸಿಗೆ ಬಿಟ್ಟು ಕದಲಬಾರದೆಂದು ಡಾಕ್ಟರ್ ಹೇಳಿದರು. ಮದುವೆ ಮುಂದೂಡೋಣವೆಂದರೆ ಹುಡುಗನಿಗೆ ಹಡಗಿನ ಕೆಲಸ. ರಜೆ ಮುಗಿದರೆ ಒಂಬತ್ತು ತಿಂಗಳು ಸಮುದ್ರದ ಮೇಲೆ. ‘ನಾನಿಲ್ಲದಿದ್ದರೂ ನಡೆಯಲಿ’ ಎಂದವಳು ಖಾಲಾನೇ.

ಮದುವೆಯ ಹಿಂದಿನ ದಿನ ನನ್ನನ್ನು ಕರೆಸಿದಳು. ಟವೆಲ್ಲಿನಲ್ಲಿ ಸುತ್ತಿದ ಒಂದು ದುಂಡು ಕನ್ನಡಿ ಕೈಗಿಟ್ಟಳು. ಹಿತ್ತಾಳೆ ಚೌಕಟ್ಟು. ಅವಳ ತಾಯಿಯದು. ನಮ್ಮಲ್ಲಿ ನಿಕಾಹ್ ಆದ ಮೇಲೆ ಜಲ್ವಾ ಎಂಬ ಶಾಸ್ತ್ರವಿದೆ. ಮದುಮಕ್ಕಳ ತಲೆಯ ಮೇಲೆ ಒಂದೇ ಜರಿ ಚಾದರ ಹೊದಿಸಿ, ನಡುವೆ ಕನ್ನಡಿ ಹಿಡಿಯುತ್ತಾರೆ. ಗಂಡಹೆಂಡತಿಯಾಗಿ ಒಬ್ಬರ ಮುಖವನ್ನೊಬ್ಬರು ಮೊದಲು ನೋಡುವುದು ಆ ಕನ್ನಡಿಯಲ್ಲಿ. ಈಗಿನವರು ಆರು ತಿಂಗಳಿಂದ ವಿಡಿಯೋ ಕಾಲ್‌ನಲ್ಲಿ ನೋಡಿಕೊಂಡಿರುತ್ತಾರೆ, ಆದರೂ ಆ ಗಳಿಗೆಗೆ ಎದೆ ಹೊಡೆದುಕೊಳ್ಳುತ್ತದಂತೆ. ನಮ್ಮ ಮನೆತನದಲ್ಲಿ ಕನ್ನಡಿ ಹಿಡಿಯುವವಳು ಹುಡುಗಿಯ ತಾಯಿ.

"ನಾಳೆ ನಿಮ್ಮಮ್ಮಿ ಹಿಡೀತಾಳ," ಎಂದಳು ಖಾಲಾ. "ನೀ ನನಗ ಒಂದೇ ಒಂದ್ ಫೋಟೋ ತಗೊಂಡ್ ಬಾ, ಇರ್ಫ್ಯಾ. ಕನ್ನಡಿ ನೋಡುವಾಗಿಂದು. ಅಕಿ ಕಣ್ಣ ತಗದಿದ್ಲೋ ಮುಚ್ಚಿದ್ಲೋ, ಅಷ್ಟ ಬೇಕು."

"ಅದೇನ್ ಖಾಲಾ, ಕಣ್ಣಿಂದು?"

"ನನ್ನ ಜಲ್ವಾದಾಗ ನಾ ಹೆದರಿ ಕಣ್ಣ ಮುಚ್ಚಿದ್ದೆ. ನಿಮ್ಮ ಖಾಲೂನ್ನ ಕನ್ನಡಿಯಾಗ ನೋಡ್ಲೇ ಇಲ್ಲ. ಆಮ್ಯಾಲ ಮೂವತ್ ವರ್ಷ ನೋಡೀನಿ, ಅದು ಬ್ಯಾರೆ ಮಾತು." ಹೊದಿಕೆ ಸರಿಮಾಡಿಕೊಂಡು ಹೇಳಿದಳು: "ನನ್ನ ಮಗಳು ಕಣ್ಣ ತಗದ ನೋಡ್ಬೇಕಂತ ಭಾಳ ಆಸೆ ನಂದು. ಎದುರಿಗೆ ಕುಂತ ನೋಡಾಕಿದ್ದೆ. ಹಿಂಗಾತು."

"ಅಕೀನ್ನೇ ಕೇಳಿದ್ರ ಆತಲ್ಲ?"

"ಅಕಿ ನನ್ನ ಮಗಳು. ನನ್ನ ಖುಷಿಗಿ ಹೂಂ ಅಂತಾಳ. ಫೋಟೋ ಹಂಗ ಹೂಂ ಅನ್ನಂಗಿಲ್ಲ."

ಇಂಥ ಹೊತ್ತಿನಲ್ಲಾದರೂ ಸುಮ್ಮನಿರಬೇಕಲ್ಲವೇ? ಕನ್ನಡಿ ತಿರುಗಿಸಿ ನೋಡಿದೆ. ಹಿಂದಿನ ಲೇಪ ಅಲ್ಲಲ್ಲಿ ಕಿತ್ತುಹೋಗಿ ಗಾಜಿನ ತುಂಬ ಕಪ್ಪು ಕಲೆ. "ಖಾಲಾ, ಇದರಾಗೂ ರವಾ ಅದಾವು! ಹೊಸ ಕನ್ನಡಿ ತರ್ಲೇನು ಬಜಾರದಿಂದ?" ಎಂದೆ. ಖಾಲಾ ಕೈಗೆ ಸಿಕ್ಕ ದಿಂಬನ್ನು ನನ್ನ ಮೇಲೆ ಎಸೆದಳು.

ಭಾನುವಾರ ಬೈಕುಲ್ಲಾದ ಒಂದು ಹಾಲ್. ಮೊದಲ ಮಹಡಿ, ಎಲ್ಲ ಕಿಟಕಿಗೂ ಮರೂನ್ ಪರದೆ. ನಿಕಾಹ್ ಮುಗಿಯಿತು. ಖಾಲಾ ಭಾಂಡುಪ್‌ನಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. ಮೂರೂವರೆಗೆ ಜಲ್ವಾ. ಆಗ ಹುಡುಗನ ಕಡೆಯ ಫುಪ್ಪು, ಅಂದರೆ ಅವನ ಸೋದರತ್ತೆ, ಕೈಯಲ್ಲಿ ದಿಂಬಿನ ಗವಸು ಹಿಡಿದು ಎದ್ದು ನಿಂತರು.

"ಸಬ್ ಫೋನ್ ಇಧರ್ ಡಾಲೋ! ಜಲ್ವಾ ಹೈ, ತಮಾಶಾ ನಹೀ!"

ಹದಿನೆಂಟು ಫೋನು ಗವಸಿನೊಳಗೆ ಬಿದ್ದವು. ಖಾಲಾ ಇದ್ದ ಫೋನೂ ಅದರಲ್ಲೇ ಹೋಯಿತು. ಸ್ಟುಡಿಯೋದ ಎರಡು ಕ್ಯಾಮೆರಾಗಳಿಗೆ ಮಾತ್ರ ಅನುಮತಿ, ಅದೂ ಫ್ಲಾಷ್ ಹೊಡೆಯಬಾರದೆಂಬ ಕರಾರಿನ ಮೇಲೆ. ಫ್ಲಾಷ್ ಹೊಡೆದರೆ ಹೇಗೂ ಕನ್ನಡಿ ಅದನ್ನೇ ವಾಪಸು ನಮ್ಮ ಮುಖಕ್ಕೆ ಎಸೆಯುತ್ತಿತ್ತು. ನಾನು ಚಾದರದ ಒಂದು ಅಂಚಿನಲ್ಲಿ ತಲೆ ತೂರಿಸಿದೆ. ಸ್ವಾತಿ ಇನ್ನೊಂದು ಅಂಚಿನಲ್ಲಿ, ಅಮ್ಮಿಯ ಮಗ್ಗುಲಿಗೆ.

ಒಳಗೆ ಕತ್ತಲು. ಕೆಂಪು ಜರಿಯೊಳಗಿಂದ ಸೋರಿದಷ್ಟೇ ಬೆಳಕು. ಮಲ್ಲಿಗೆ, ಅತ್ತರು, ಬೆವರು. ಅಮ್ಮಿ ಎರಡೂ ಕೈಯಲ್ಲಿ ಕನ್ನಡಿ ಹಿಡಿದಿದ್ದಳು. ಆಫ್ರೀನ್ ತಲೆ ಬಗ್ಗಿಸಿ ಕೂತಿದ್ದಳು. ಇವಳೂ ಖಾಲಾನಂತೆ ಕಣ್ಣು ಮುಚ್ಚಿಬಿಟ್ಟರೆ ಎಂದು ನನಗೆ ದಿಗಿಲಾಯಿತು. ದಿಗಿಲಾದರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಫುಪ್ಪುವಿನ ದನಿಯಲ್ಲಿ, ಬರೀ ಉಸಿರಿನಲ್ಲಿ, "ದುಲ್ಹನ್ ಕೀ ಆಂಖೇಂ ಭೀ ಇಧರ್ ಡಾಲೋ!" ಎಂದೆ. ಮದುಮಗಳ ಕಣ್ಣನ್ನೂ ಈ ಗವಸಿಗೇ ಹಾಕಿ ಎಂದು. ಆಫ್ರೀನ್ ಕಿಸಕ್ಕನೆ ನಕ್ಕು ಕುಲುಕಿದಳು. ಅಮ್ಮಿ ಕುಲುಕಿದಳು. ಕನ್ನಡಿ ಕುಲುಕಿತು. ನಾನು ನನ್ನ ಜೋಕಿಗೆ ನಾನೇ ಕುಲುಕುತ್ತ ಶಟರ್ ಒತ್ತಿದೆ. ನಲವತ್ತು ಸೆಕೆಂಡ್, ಮೂವತ್ತೊಂದು ಫ್ರೇಮ್. ಚಾದರ ಎತ್ತಿದರು. ಮುಗಿಯಿತು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಸೊಗಸಾಗಿಯೇ ಕಂಡಿತು. ಆ ಪರದೆಯಲ್ಲಿ ನಾನೂ ಸೊಗಸಾಗಿಯೇ ಕಾಣುತ್ತೇನೆ.

ಸೋಮವಾರ ವಡಾಲದಲ್ಲಿ ದೊಡ್ಡ ಪರದೆಗೆ ಹಾಕಿ ಒಂದೊಂದಾಗಿ ನೋಡಿದೆ. ಮೂವತ್ತೊಂದರಲ್ಲಿ ಒಂದೂ ನೆಟ್ಟಗಿಲ್ಲ. ಆಫ್ರೀನ್ ಮುಖದ ಜಾಗದಲ್ಲಿ ಹಸಿ ಬಣ್ಣದ ಮೇಲೆ ಯಾರೋ ಹೆಬ್ಬೆರಳು ಎಳೆದ ಹಾಗೆ ಒಂದು ಗೆರೆ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಹೇಳಲು ಅಲ್ಲಿ ಕಣ್ಣೇ ಇರಲಿಲ್ಲ.

ಆದದ್ದಿಷ್ಟು. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಐಎಸ್ಒ ಏರಿಸುತ್ತ ಹೋಗಿದೆ. 1600ಕ್ಕೆ ಬಂದಾಗ ನನ್ನ ಬೀಗ ಅಡ್ಡ ಬಂದಿದೆ. ಬೀಗ ಮುರಿಯಲಾಗದ ಕ್ಯಾಮೆರಾ, ಬೆಳಕು ಸಾಲದೆಂದು ಸದ್ದಿಲ್ಲದೆ ಶಟರನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆ ನಿಜ, ಆದರೆ ಅದು ತಡೆಯುವುದು ನನ್ನ ಕೈಯ ನಡುಕವನ್ನು, ನಗುವ ಮದುಮಗಳನ್ನಲ್ಲ. ಅವಳನ್ನು ನಗಿಸಿದವನು ಯಾರೆಂದು ಮತ್ತೆ ಹೇಳಬೇಕಾಗಿಲ್ಲ.

ಸ್ವಾತಿಯ ಕಾರ್ಡ್ ತೆರೆದೆ. ಮದುವೆಯ ಬೆಳಿಗ್ಗೆಯೇ ಟೇಪ್ ಕಿತ್ತು ಬೀಗ ತೆಗೆದಿದ್ದಳು ಪುಣ್ಯಾತ್ಗಿತ್ತಿ. ಐಎಸ್ಒ 12800, ಶಟರ್ ಎಂಬತ್ತನೇ ಒಂದು ಭಾಗ. ಲೆಕ್ಕ ಸರಳ: 1600ರಿಂದ 12800ಕ್ಕೆ ಮೂರು ಸಲ ದುಪ್ಪಟ್ಟು, ಅಂದರೆ ಎಂಟು ಪಟ್ಟು, ಶಟರೂ ಎಂಟು ಪಟ್ಟು ಚುರುಕು. ಮುಖ ಕಲಸಿರಲಿಲ್ಲ. ಆದರೆ ನಾನು ಅಭ್ಯಾಸದಂತೆ ಎರಡುನೂರು ಪರ್ಸೆಂಟ್ ಹಿಗ್ಗಿಸಿ ಮೂಗು ತಾಗಿಸಿದೆ. ಕಂಡದ್ದು ಕಾಳು ಮಾತ್ರ. ಫೋಟೋ ಆರಿಸುವ ಅಧಿಕಾರ ನನ್ನದು. ಇಷ್ಟು ದಿನ ಉಪ್ಪಿಟ್ಟು ಎಂದು ಕೂಗಿದ ಬಾಯಲ್ಲಿ ಈಗ ಅದನ್ನೇ ತಿನ್ನುವುದು ಹೇಗೆ? ಸ್ವಾತಿಯ ಫ್ರೇಮುಗಳನ್ನೆಲ್ಲ ‘ರಿಜೆಕ್ಟ್’ ಫೋಲ್ಡರಿಗೆ ದೂಡಿದೆ.

ಇನ್ನು ಘನಕಾರ್ಯ. ನನ್ನ ಮೂವತ್ತೊಂದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿ, ಮುಖ ಸರಿಪಡಿಸುವ ಸಾಫ್ಟ್‌ವೇರಿಗೆ ಕೊಟ್ಟೆ. ಅದು ಕಲಸಿದ್ದನ್ನು ತಿದ್ದಿತು, ಇಲ್ಲದ್ದನ್ನು ತುಂಬಿತು. ಚರ್ಮ ಮೇಣದಂತೆ ನುಣುಪಾಯಿತು. ರೆಪ್ಪೆಗಳು ಒಂದೊಂದಾಗಿ ಮೂಡಿದವು. ಕಣ್ಣು ತೆರೆದೇ ಇತ್ತು, ಗೊಂಬೆಯದಿರುವ ಹಾಗೆ. ಎಂಟು ಹನ್ನೆರಡು ಇಂಚಿನ ಪ್ರಿಂಟ್ ತೆಗೆಸಿ ಮಂಗಳವಾರ ಭಾಂಡುಪ್‌ಗೆ ಹೊರಟೆ. ಹಾರ್ಬರ್ ಲೈನಿನ ರೈಲುಗಾಡಿಯಲ್ಲಿ ಕುರ್ಲಾವರೆಗೆ, ಅಲ್ಲಿಂದ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ. ದಾರಿಯುದ್ದಕ್ಕೂ ಆರು ಸಲ ಲಕೋಟೆ ತೆಗೆದು ನೋಡಿ ಆರು ಸಲ ಮುಚ್ಚಿದೆ.

ಖಾಲಾ ಕನ್ನಡಕ ಹಾಕಿಕೊಂಡು ತೋಳುದ್ದ ದೂರದಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು.

"ಯಾರಿಕಿ?"

"ಆಫ್ರೀನ್, ಖಾಲಾ. ನೋಡ್ರಿ, ಕಣ್ಣ ತಗದಾಳ," ಎಂದೆ. ನನ್ನ ದನಿ ಅಮ್ಮಿ ಹೇಳುವ ಆ ಹುಬೇಹೂಬ್ ಹೆದರಿದ ದನಿಯಾಗಿತ್ತು.

"ಹುಬ್ಬಿನ ಮ್ಯಾಲಿನ ಗಾಯ ಎಲ್ಲಿ?"

ಆಫ್ರೀನ್‌ಗೆ ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ. ಏಳು ವರ್ಷದವಳಿದ್ದಾಗ ಇದೇ ಬಿಲ್ಡಿಂಗಿನ ಮೆಟ್ಟಿಲಲ್ಲಿ ಬಿದ್ದದ್ದು. ಸಾಫ್ಟ್‌ವೇರ್ ಅದನ್ನೂ ಕೊಳೆ ಎಂದುಕೊಂಡು ತೊಳೆದುಹಾಕಿತ್ತು.

ಖಾಲಾ ಪ್ರಿಂಟನ್ನು ಬೋರಲಾಗಿ ಹಾಸಿಗೆಯ ಮೇಲಿಟ್ಟಳು. ಬೈಯಲಿಲ್ಲ. "ಆ ಗಾಯ ಇಲ್ಲದಾಕಿ ಕಣ್ಣ ತಗದ್ರೇನು, ಮುಚ್ಚಿದ್ರೇನು," ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಆ ದಿಂಬನ್ನಾದರೂ ಎಸೆದಿದ್ದರೆ ಚೆನ್ನಾಗಿತ್ತು.

ಭಾಂಡುಪ್ ಪ್ಲಾಟ್‌ಫಾರ್ಮಿನಲ್ಲಿ ಮೂರು ಗಾಡಿ ಬಿಟ್ಟೆ. ಈ ತುದಿಯಿಂದ ಆ ತುದಿಗೆ ನಡೆಯುತ್ತ ಆಫ್ರೀನ್‌ಗೆ ಫೋನ್ ಮಾಡಿದೆ. ಸ್ಟುಡಿಯೋಗೆ ಬನ್ನಿ, ಚಾದರ ಕನ್ನಡಿ ಎಲ್ಲ ತರುತ್ತೇನೆ, ಇನ್ನೊಂದು ಸಲ ಜಲ್ವಾ ಮಾಡೋಣ ಎಂದೆ.

"ಪಾಗಲ್ ಹೈ ಕ್ಯಾ, ಭಾಯ್?" ಎಂದಳು. ಅವಳ ಕನ್ನಡ ಭಾಂಡುಪ್ ಕನ್ನಡ, ತಡವರಿಸುತ್ತದೆ. "ಎರಡನೇ ಸಲ... ಫಸ್ಟ್ ಟೈಮ್ ಹ್ಯಾಂಗ ನೋಡೋದು?"

"ನೀ ಕಣ್ಣ ತಗದಿದ್ದೇನು, ಅದನ್ನರ ಹೇಳು."

"ತಗದಿದ್ದೆ. ಅಮ್ಮೀಗಿ ಹೇಳಿದೆ. ಅಮ್ಮಿ ಮಾನತಾಚ್ ನಹೀ." ಖಾಲಾ ಒಪ್ಪುವುದೇ ಇಲ್ಲವಂತೆ.

ಸ್ಟುಡಿಯೋಗೆ ವಾಪಸು ಬಂದಾಗ ರಾಘು ಸರ್ ಒಬ್ಬರೇ ಇದ್ದರು. ಎಲ್ಲವನ್ನೂ ಹೇಳಿಬಿಟ್ಟೆ, ಯಾರ ದನಿಯನ್ನೂ ಅನುಕರಿಸದೆ. ಅದರಿಂದಲೇ ಅವರಿಗೆ ಪರಿಸ್ಥಿತಿ ಗಂಭೀರವೆಂದು ಗೊತ್ತಾಗಿರಬೇಕು. ಅವರು ರಿಜೆಕ್ಟ್ ಫೋಲ್ಡರ್ ತೆರೆಸಿದರು.

"ಎಷ್ಟು ಇಂಚಿನ ಪ್ರಿಂಟು?"

"ಎಂಟು ಹನ್ನೆರಡು, ಸರ್."

"ಎಷ್ಟು ದೂರದಿಂದ ನೋಡ್ತಾರೆ?"

"ತೋಳುದ್ದ."

"ಮತ್ತೆ ನೀನ್ಯಾಕೆ ಮೂಗು ತಾಗಿಸ್ಕೊಂಡು ನೋಡ್ತೀಯೋ? ಫೋಟೋ ಜೊತೆಗೆ ಆಕೆಗೆ ನಿನ್ನ ಮೂಗನ್ನೂ ಕೊಟ್ಟು ಕಳಿಸ್ತೀಯಾ?"

ಸ್ವಾತಿಯ ಒಂದು ಫ್ರೇಮನ್ನು, ತೊಳೆಯದೆ ಬಳಿಯದೆ, ಅದೇ ಅಳತೆಗೆ ಪ್ರಿಂಟ್ ತೆಗೆಸಿದರು. ಗೋಡೆಗೆ ಅಂಟಿಸಿ ನನ್ನ ಕಾಲರ್ ಹಿಡಿದು ತೋಳುದ್ದ ಹಿಂದಕ್ಕೆ ಎಳೆದು ನಿಲ್ಲಿಸಿದರು. ಆಗ ಆ ಫೋಟೋವನ್ನು ನಾನು ಮೊದಲ ಸಲ ನೋಡಿದೆ. ಕಾಳು ಇತ್ತು. ಇಲ್ಲವೆಂದರೆ ಸುಳ್ಳು. ಆದರೆ ಪ್ರಿಂಟಿನಲ್ಲಿ ಅರ್ಧಕ್ಕರ್ಧ ಅಡಗಿಹೋಗಿ, ಉಳಿದದ್ದು ಒರಟು ಬಟ್ಟೆಯ ನೇಯ್ಗೆಯ ಹಾಗಿತ್ತು. ಅದರ ಹಿಂದೆ ಆಫ್ರೀನ್ ಇದ್ದಳು.

ಬುಧವಾರ ಬೆಳಿಗ್ಗೆ ಸ್ವಾತಿಯ ಮುಂದೆ ನಿಂತು ತಪ್ಪಾಯಿತು ಎಂದೆ. ಅವಳು ಕ್ಯಾಮೆರಾ ಒರೆಸುತ್ತಲೇ ಕೇಳಿದಳು: "ಆತಾ ಉಪ್ಮಾ ಕೋಣ್ ಖಾಣಾರ್?" ಈಗ ಉಪ್ಪಿಟ್ಟು ಯಾರು ತಿನ್ನುವವರು?

"ಮೀ," ಎಂದೆ. ನಾನೇ.

ಉಳಿದೆರಡು ಕ್ಯಾಮೆರಾಗಳ ಬೀಗವನ್ನೂ ಅಂದೇ ತೆಗೆದೆ. ಈಗ ನಾನು ಮಿತಿ ಗೊತ್ತುಮಾಡುವುದು ಬೇರೆ ರೀತಿ. ಮೊದಲು ಎದುರಿಗಿರುವ ಮನುಷ್ಯ ಎಷ್ಟು ಅಲುಗುತ್ತಾನೆ ಎಂದು ನೋಡಿ ಶಟರ್ ವೇಗ ಗೊತ್ತುಮಾಡಿಕೊಳ್ಳುತ್ತೇನೆ. ಕೂತವನಿಗೆ ಒಂದು, ನಗುವವನಿಗೆ ಒಂದು, ಕುಣಿಯುವವನಿಗೆ ಇನ್ನೊಂದು. ಅದಕ್ಕೆ ಎಷ್ಟು ಐಎಸ್ಒ ಬೇಕೋ ಅಷ್ಟು. ಹೊಸ ಕ್ಯಾಮೆರಾ ಬಂದರೆ ಟಿಫಿನ್ ಡಬ್ಬಿಯ ಬದಲು ಒಂದು ಮುಖವನ್ನು ಮಂದ ಬೆಳಕಿನಲ್ಲಿ 1600ರಿಂದ 25600ರವರೆಗೆ ತೆಗೆದು, ಗಿರಾಕಿಗೆ ಕೊಡುವ ಅಳತೆಯಲ್ಲೇ ಪ್ರಿಂಟ್ ಮಾಡಿ, ಗಿರಾಕಿ ನೋಡುವಷ್ಟೇ ದೂರದಲ್ಲಿ ನಿಂತು ನೋಡುತ್ತೇನೆ. ಆ ಮನುಷ್ಯ ಗುರುತು ಸಿಗದಂತಾಗುವುದು ಎಲ್ಲಿಯೋ ಅಲ್ಲಿಗೆ ಮಿತಿ. ಕಾಳು ಕಂಡಿತೇ ಎನ್ನುವುದು ಫೋಟೋಗ್ರಾಫರನ ಪ್ರಶ್ನೆ. ಕಂಡದ್ದು ನಮ್ಮವರೇ ಹೌದೇ ಎನ್ನುವುದು ಮನೆಯವರ ಪ್ರಶ್ನೆ. ನನ್ನ ಕೆಲಸ ಎರಡನೆಯದಕ್ಕೆ ಉತ್ತರ ಕೊಡುವುದು. ಇಷ್ಟು ಕಲಿಯಲು ನನಗೆ ಒಂದು ಮದುವೆಯೇ ಬೇಕಾಯಿತು, ಅದೂ ಬೇರೆಯವರದು.

ಅದೇ ದಿನ ಮಧ್ಯಾಹ್ನ ಮತ್ತೆ ಭಾಂಡುಪ್. ಮೂರು ಮಾಳಿಗೆಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಮಂಚದ ಪಕ್ಕದ ಮೊಳೆಯಲ್ಲಿ ಕನ್ನಡಿ ವಾಪಸು ಬಂದು ಕೂತಿತ್ತು. ಪ್ರಿಂಟ್ ಕೈಗಿಟ್ಟೆ.

ಕೆಂಪು ಕತ್ತಲು. ಕೆಳಗೆ ಅಮ್ಮಿಯ ಬೆರಳುಗಳ ನಡುವೆ ಕನ್ನಡಿಯ ಅಂಚು. ಅದರ ಮೇಲೆ ಬಾಗಿದ ಆಫ್ರೀನ್. ಎಡಹುಬ್ಬಿನ ಮೇಲೆ ಗಾಯದ ಗೆರೆ. ನಗು ತಡೆಯಲು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಾಳೆ. ಎರಡೂ ಕಣ್ಣು ಅಗಲಕ್ಕೆ ತೆರೆದು ನೇರ ಕನ್ನಡಿಯೊಳಗೆ ನೋಡುತ್ತಿದ್ದಾಳೆ.

ಖಾಲಾ ಹೆಬ್ಬೆರಳನ್ನು ಆ ಹುಬ್ಬಿನ ಮೇಲಿಟ್ಟಳು. ಆಮೇಲೆ ಕಣ್ಣಿನ ಮೇಲೆ. "ತಗದಾಳ," ಎಂದಳು, ನನಗಲ್ಲ. "ನೋಡ್ಯಾಳ ನನ್ನ ಮಗಳು."

ಒಂದು ನಿಮಿಷ ಸುಮ್ಮನಿದ್ದೆ. ನನ್ನ ಮಟ್ಟಿಗೆ ಅದು ದಾಖಲೆ. ಆಮೇಲೆ ತಡೆಯಲಾಗಲಿಲ್ಲ.

"ಮಾಫ್ ಮಾಡ್ರಿ ಖಾಲಾ, ತುಂಬಾ ಕಾಳು ಬಂದಾವ. ಐಎಸ್ಒ ಭಾಳ ಏರ್ಸಿದ್ದಕ್ಕ ಹಿಂಗ ಕಲೆ ಕಲೆ ಕಾಣ್ತದ. ಬೇಕಂದ್ರ ಸ್ವಲ್ಪ ತೊಳದು..."

ಖಾಲಾ ಫೋಟೋದಿಂದ ಕಣ್ಣೆತ್ತದೆ ಗೋಡೆಯ ಮೇಲಿನ ಕನ್ನಡಿಗೆ ಬೆರಳು ತೋರಿಸಿದಳು:

"ಅದರ ತುಂಬಾನೂ ಕಲೆನೇ ಅದಾವ. ನೋಡಿದ್ ಮ್ಯಾಲ ಗಂಡನ್ನ ಬದಲಿ ಮಾಡ್ರಿ ಅಂದೋರದಾರ ನಮ್ಮ ಮನ್ಯಾಗ. ಕನ್ನಡಿ ಬದಲಿ ಮಾಡ್ರಿ ಅಂತ ಇನ್ನೂತನಕ ಯಾರೂ ಅಂದಿಲ್ಲ. ಬಾಯಿ ಮುಚ್ಚು, ಇದಕ್ಕೊಂದ್ ಮೊಳಿ ಹೊಡಿ."